ರಾಜರು ತಟ್ಟಿದ ಬಾಗಿಲು

ಬನ್ರೋ ಬನ್ರೋ, ಎಲ್ಲಾ ಇಲ್ಲಿ ಕೂತ್ಕೊಳ್ಳಿ! ನಂಬ್ತೀರೋ ಬಿಡ್ತೀರೋ, ಇವತ್ತು ನಾನು ನಮ್ಮ ರಾಜರ ಮುಖದ ಮೇಲೆ ದಢಾರ್ ಅಂತ ಬಾಗಿಲು ಹಾಕ್ದೆ. ಹೂಂ, ನಾನೇ, ಈ ತಿಪ್ಪೇಶನೇ! ರಾಜರು ಬೈದ್ರಾ? ಇಲ್ಲ. ಸೆರೆಮನೆಗೆ ಹಾಕ್ಸಿದ್ರಾ? ಇಲ್ಲ. ಹೋಗ್ತಾ ನನ್ನ ಬೆನ್ನು ತಟ್ಟಿ, "ಚೆನ್ನಾಗಿ ಹಾಕ್ದೆ ಕಣಯ್ಯಾ, ಮೂಗು ಸ್ವಲ್ಪದ್ರಲ್ಲಿ ಉಳೀತು" ಅಂದ್ರು!

ತಡೀರಿ, ಮೊದಲಿಂದ ಹೇಳ್ತೀನಿ.

ನಮ್ಮ ಮಣಿಕೋಟೇಲಿ ರಾಜರೂ ಇದ್ದಾರೆ, ಸಭೆನೂ ಇದೆ. ಒಂದೊಂದು ಕೇರಿಯಿಂದ ಒಬ್ಬೊಬ್ಬರನ್ನ ಜನ ಆರಿಸಿ ಕಳಿಸ್ತಾರೆ. ಕಾನೂನು ಮಾಡೋದು ಸಭೆ. ಈ ಸಲ ಕುಂಬಾರಗೇರಿಯಿಂದ ನಾನು ಹೋದೆ. ಸಭೇಲಿ ನಾನೇ ಎಲ್ಲರಿಗಿಂತ ಚಿಕ್ಕೋನು. ವರ್ಷದ ಮೊದಲ ಸಭೆಗೆ ರಾಜರು ಬಂದಾಗ ಅವರ ಮುಖಕ್ಕೆ ಬಾಗಿಲು ಹಾಕೋದು ಚಿಕ್ಕೋನ ಕೆಲಸ. ರಾಜರು ತಟ್ಟಬೇಕು. ನಾನು "ಯಾರು?" ಅನ್ಬೇಕು. ಅವರು ಬಿರುದು ಗಿರುದು ಏನೂ ಇಲ್ಲದೆ ಬರೀ ಹೆಸರು ಹೇಳ್ಬೇಕು. ಸಭೆ ಒಪ್ಪಿದ್ರೆ ಮಾತ್ರ ಚಿಲಕ ತೆಗೆಯೋದು.

ಯಾಕೆ ಗೊತ್ತಾ? ಈ ರಾಜರ ತಾತನಿಗೆ ಪಕ್ಕದ ರಾಜ್ಯದ ಮೇಲೆ ಯುದ್ಧ ಮಾಡೋ ಹುಚ್ಚು. ಸಭೆ ಬೇಡ ಅಂತು. ತಾತ ಸಿಟ್ಟಲ್ಲಿ ಆನೆ ತಂದು ಬಾಗಿಲೇ ಒಡೆಸಿಬಿಟ್ರು! ಒಳಗೆ ನುಗ್ಗಿ ಅಧ್ಯಕ್ಷರ ಪೀಠದಲ್ಲಿ ಕೂತ್ರು. ಸಭೆಯೋರು ಏನ್ಮಾಡಿದ್ರು? ಜಗಳಾನೇ ಆಡ್ಲಿಲ್ಲ. ಎದ್ರು, ಪಂಚೆ ಕೊಡವಿಕೊಂಡ್ರು, ಹೊರಗೆ ಹುಣಸೆಮರದ ಕೆಳಗೆ ಕೂತು ಮಾತು ಮುಂದುವರ್ಸಿದ್ರು. ಊರೆಲ್ಲ ಮರದ ಕಡೆ ಹೋಯ್ತು. ಅರಮನೆ ಕಡೆ ಒಂದು ನರಪಿಳ್ಳೆ ಸುಳೀಲಿಲ್ಲ. ಹಾಲು ಹಾಕೋರಿಲ್ಲ, ಬಟ್ಟೆ ಒಗೆಯೋರಿಲ್ಲ, ಕ್ಷೌರ ಮಾಡೋರೂ ಇಲ್ಲ. ತಾತನ ಗಡ್ಡ ಎದೆವರೆಗೂ ಬಂತು. ನಗ್ಬೇಡ್ರೋ, ನಿಜ! ಕೊನೆಗೆ ಆ ಗಡ್ಡ ಹೊತ್ಕೊಂಡು ಅವರೇ ನಡ್ಕೊಂಡು ಬಂದು, "ತಪ್ಪಾಯ್ತು, ಒಳಗೆ ಬನ್ನಿ" ಅಂದ್ರು.

ಆಮೇಲೆ ಹೊಸ ಬಾಗಿಲು ಮಾಡಿಸಿದ್ರು. ಆದ್ರೆ ಒಂದು ಹಲಗೆ ಮಾತ್ರ ಹಳೇ ಬಾಗಿಲಿಂದೇ. ಆನೆ ದಂತ ಹೊಕ್ಕ ತೂತು ಅದರಲ್ಲಿ ಇನ್ನೂ ಇದೆ. ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ!

ಇವತ್ತು ಬೆಳಿಗ್ಗೆ ರಾಜರು ಬೀದಿ ತಿರುವಲ್ಲೇ ಆನೆ ಇಳಿದು ನಡ್ಕೊಂಡು ಬಂದ್ರು. ನಾನು ದಢಾರ್ ಅಂತ ಹಾಕ್ದೆ. ಅಷ್ಟರಲ್ಲಿ ನಮ್ಮ ಅಧ್ಯಕ್ಷೆ ನಿಂಗಕ್ಕ ಎದ್ದು ನಿಂತ್ರು. ನೇಕಾರಗೇರಿಯೋರು, ಮಾತಿಗೆ ನಿಂತ್ರೆ ಯಾರನ್ನೂ ಬಿಡಲ್ಲ.

"ತಿಪ್ಪೇಶ, ಚಿಲಕ ಹಾಗೇ ಇರ್ಲಿ. ಮೊದಲು ಒಂದು ವಿಷಯ ತೀರ್ಮಾನ ಆಗ್ಲಿ. ಉಳೋರು ನಾವು, ನೇಯೋರು ನಾವು, ಕಾನೂನು ಮಾಡೋರೂ ನಾವೇ. ಈಯಪ್ಪ ವರ್ಷಕ್ಕೊಂದ್ಸಲ ಬಂದು ಬಾಗ್ಲು ತಟ್ಟೋಕೆ ಒಂದು ಅರಮನೆ ಬೇಕಾ? ರಾಜ ಅನ್ನೋದನ್ನೇ ಇವತ್ತಿಗೆ ಮುಗಿಸಿಬಿಡೋಣ!"

ಅರ್ಧ ಸಭೆ ಹೌದು ಹೌದು ಅಂತು, ಇನ್ನರ್ಧ ಬೇಡ ಬೇಡ ಅಂತು. ನನಗೂ ಹೌದಲ್ವಾ ಅನ್ನಿಸ್ತು.

ಟಕ್ ಟಕ್ ಟಕ್.

"ಯಾರು?" ಅಂದೆ.

"ನಾನು, ಚಂದ್ರಶೇಖರ."

"ಸ್ವಲ್ಪ ಕಾಯ್ಬೇಕಂತೆ."

"ಯಾಕಯ್ಯಾ?"

"ನೀವು ಬೇಕಾ ಬೇಡ್ವಾ ಅಂತ ಮಾತಾಡ್ತಿದ್ದಾರೆ." ಅಂದ್ಬಿಟ್ಟು ನಾಲಿಗೆ ಕಚ್ಕೊಂಡೆ!

ರಾಜರು ನಿಧಾನಕ್ಕೆ, "ದೊಡ್ಡ ವಿಷಯ. ಅವಸರ ಮಾಡ್ಬೇಡಿ ಅಂತ ಹೇಳು" ಅಂದ್ರು. ತೂತಿಗೆ ಕಣ್ಣಿಟ್ಟು ನೋಡ್ತೀನಿ, ಜರಿ ಶಲ್ಯ ತಲೆ ಮೇಲೆ ಹಾಕ್ಕೊಂಡು ಬಿಸಿಲಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾರೆ!

ಆಗ ಬಂದ್ರು ನೋಡಿ ದಳವಾಯಿ, ಸೈನ್ಯದ ದೊಡ್ಡೋರು. ಮೊದಲು ಮೀಸೆ ಬಂತು, ಆಮೇಲೆ ಅವರು ಬಂದ್ರು.

"ಪ್ರಭು, ಏನಿದು ಅವಮಾನ! ಆನೆ ಅಲ್ಲೇ ಇದೆ. ಒಂದು ತಳ್ಳು ಸಾಕು."

ಆನೆ ಗಂಟೆ ಸದ್ದು ಹತ್ರ ಹತ್ರ ಬಂತು. ತೂತಲ್ಲಿ ನೋಡಿದ್ರೆ ಬರೀ ಸೊಂಡಿಲು! ಚಿಲಕ ಗಿಲಿಗಿಲಿ ಅಂತಿದೆ. ತೆಗೆದುಬಿಡೋಣ, ಜೀವ ಉಳಿದ್ರೆ ಸಾಕು ಅನ್ನಿಸ್ತು. ಆದ್ರೆ ಚಿಲಕ ನನ್ನದಲ್ಲ, ಸಭೇದು. ಗಟ್ಟಿಯಾಗಿ ಹಿಡ್ಕೊಂಡೆ.

ರಾಜರು ಎದ್ದೇಳ್ಲೂ ಇಲ್ಲ. "ಆನೆಗೆ ಒಂದು ಬಾಳೆಗೊನೆ ಕೊಡ್ಸಪ್ಪ, ಪಾಪ ಹಸಿದಿರುತ್ತೆ" ಅಂದ್ರು.

ದಳವಾಯಿಗೆ ಉರಿದುಹೋಯ್ತು. "ನೀವು ಕಾಯಿರಿ ಪ್ರಭು. ನನ್ನನ್ನ ಕಾಯ್ಸೋಕೆ ಇವರ್ಯಾರು?" ಅಂತ ಬಾಗಿಲಿಗೆ ಭುಜ ಕೊಟ್ರು. ಕೀಲು ಕಿರ್ ಅಂತು. ಚಿಲಕದ ಜೊತೆ ನಾನೂ ಹಿಂದಕ್ಕೆ ವಾಲಿದೆ!

"ಬಸವಂತ," ಅಂದ್ರು ರಾಜರು. ಕೂಗ್ಲಿಲ್ಲ, ಸುಮ್ನೆ ಕರೆದ್ರು. "ನಾನು ತಟ್ಟಿ ಕಾಯ್ತಾ ಕೂತಿದ್ದೀನಿ. ನೀನು ನನಗಿಂತ ದೊಡ್ಡೋನಾ?"

ಭುಜ ಹಿಂದಕ್ಕೆ ಹೋಯ್ತು.

"ಒಳಗೆ ಹೋಗ್ಬೇಕಾ? ತಟ್ಟು."

ಆಮೇಲೆ ಕೇಳಿಸ್ತು, ಟಿಕ್. ಇಲಿ ತಟ್ಟಿದ ಹಾಗೆ!

"ಯಾರು?" ಅಂದೆ.

"ಮಹಾದಳವಾಯಿ ರಣಧೀರ..."

"ಬರೀ ಹೆಸರು!" ಅಂತ ಒಳಗಿಂದ ನಿಂಗಕ್ಕ ಕೂಗಿದ್ರು.

"...ಬಸವಂತ."

ಸಭೆ ಬಿದ್ದು ಬಿದ್ದು ನಕ್ತು. ನಿಂಗಕ್ಕ ಮಾತ್ರ ನಗ್ಲಿಲ್ಲ. ಎದ್ದು ಬಂದು, ನನ್ನನ್ನ ಪಕ್ಕಕ್ಕೆ ಸರಿಸಿ, ತೂತಲ್ಲಿ ನೋಡಿದ್ರು. ಹೊರಗೆ ರಾಜರು ಬಿಸಿಲಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ದಳವಾಯಿ ಕೈ ಕಟ್ಕೊಂಡು ನಿಂತಿದ್ದಾರೆ, ಆನೆ ಬಾಳೆಹಣ್ಣು ತಿಂತಿದೆ. ಎಷ್ಟೋ ಹೊತ್ತು ನೋಡಿದ್ರು.

"ಆ ಮೀಸೆ ಯಾರ ಬಾಗ್ಲನ್ನೂ ತಟ್ಟಿದ್ದು ನಾನು ನೋಡಿರ್ಲಿಲ್ಲ" ಅಂದ್ರು. "ರಾಜರು ಬರ್ಲಿ ಅನ್ನೋರು ಕೈ ಎತ್ತಿ." ಕೈಗಳು ಎದ್ವು. "ತೆಗಿ ಕಣೋ."

ರಾಜರು ಬೆವರು ಒರೆಸ್ಕೊಂಡು ಒಳಗೆ ಬಂದ್ರು. ನಿಂಗಕ್ಕ ನೇರವಾಗೇ ಕೇಳಿದ್ರು. "ಚಂದ್ರಣ್ಣ, ನೀನೇ ಹೇಳಪ್ಪ. ನೀನು ಯಾಕೆ ಬೇಕು?"

"ನೀವೇ ಆಗ್ಲೇ ಹೇಳಿದ್ರಲ್ಲ ಅಕ್ಕ, ಬಾಗ್ಲು ತಟ್ಟೋಕೆ! ನಮ್ಮ ತಾತ ಮಾಡಿದ ತೂತಲ್ಲಿ ಎಲ್ಲಾ ಕೇಳ್ಸುತ್ತೆ." ಎಲ್ಲರೂ ನಕ್ರು. ಆಮೇಲೆ ಅವರು ಮೆಲ್ಲಗೆ ಹೇಳಿದ್ರು. "ಯುದ್ಧ, ಕಾನೂನು ಎಲ್ಲಾ ನಿಮ್ಮ ಕೆಲಸ. ಅದಕ್ಕೆ ನಾನು ಬೇಡ. ಆದ್ರೆ ಎಲ್ಲರಿಗಿಂತ ಎತ್ತರದಲ್ಲಿ ಕೂತೋನೇ ತಟ್ಟಿ ಕಾದ್ರೆ, ಆನೆ ಇರೋರೂ ಕಾಯ್ತಾರೆ, ಮೀಸೆ ಇರೋರೂ ಕಾಯ್ತಾರೆ. ಬೇಡ ಅಂದ್ರೆ ಈಗ್ಲೇ ಕಿರೀಟ ಇಳಿಸಿ ಮನೆಗೆ ಹೋಗ್ತೀನಿ. ನಿಮ್ಮ ಇಷ್ಟ."

ನಿಂಗಕ್ಕ ಸೆರಗು ಸರಿ ಮಾಡ್ಕೊಂಡ್ರು. "ಈ ವರ್ಷಕ್ಕೆ ಇರಪ್ಪ. ಆದ್ರೆ ಮುಂದಿನ ವರ್ಷಾನೂ ಇದೇ ಪ್ರಶ್ನೆ ಕೇಳ್ತೀನಿ."

"ಕೇಳಕ್ಕ. ಮುಂದಿನ ವರ್ಷಾನೂ ತಟ್ತೀನಿ."

ಎಲ್ಲರೂ ಹೂಂ ಅಂದ್ರು. ಅಷ್ಟೇ ಅಲ್ಲ, ಇನ್ಮೇಲೆ ಮಂತ್ರಿ ಆಗ್ಲಿ, ದಳವಾಯಿ ಆಗ್ಲಿ, ಯಾರೇ ಬಂದ್ರೂ ತಟ್ಟಲೇಬೇಕು ಅಂತ ಹೊಸ ಕಾನೂನೂ ಆಯ್ತು!

ಆಮೇಲೆ ಏನಾಯ್ತು ಗೊತ್ತಾ? ನಿಂಗಕ್ಕ ಎಲೆ ಅಡಿಕೆ ಹಾಕ್ಕೊಳ್ಳೋಕೆ ಹೊರಗೆ ಹೋದ್ರು. ವಾಪಸ್ ಧಡಧಡ ಅಂತ ಒಳಗೇ ನುಗ್ಗೋಕೆ ಬಂದ್ರು. ನಾನು ಬಿಡ್ತೀನಾ? ದಢಾರ್!

"ಯಾರು?"

"ನಾನು ಕಣೋ, ಅಧ್ಯಕ್ಷೆ!"

"ಬರೀ ಹೆಸರು!"

ಒಳಗೆ ರಾಜರು ಹೊಟ್ಟೆ ಹಿಡ್ಕೊಂಡು ನಗ್ತಿದ್ರು.

ನೀತಿ: ಒಡೆಯೋ ಬಲ ಇದ್ರೂ ತಟ್ಟಿ ಕಾಯೋನೇ ದೊಡ್ಡೋನು. ಮೇಲೆ ಕೂತೋರು ಕಾಯೋದನ್ನ ಕಲಿತ್ರೆ ನಾಡೆಲ್ಲ ಕಲಿಯುತ್ತೆ.

ಸರಿ, ಈಗ ನೀವು ಹೇಳಿ ನೋಡೋಣ. ಎದುರಿಗೆ ಮುಚ್ಚಿದ ಬಾಗಿಲು, ಒಳಗಿರೋರು ನೀವು ಬೇಡ ಅಂತ ಮಾತಾಡ್ತಿದ್ದಾರೆ, ನೆತ್ತಿ ಮೇಲೆ ಬಿಸಿಲು, ಬೆನ್ನ ಹಿಂದೆ ನಿಮ್ಮದೇ ಆನೆ. ನೀವಾಗಿದ್ರೆ ಏನ್ಮಾಡ್ತಿದ್ರಿ?