ಬೀಳದ ಪೆಟ್ಟು

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಫಕ್ಕೀರಯ್ಯ ಎಂಬ ಗುರುಗಳು ತಬಲಾ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರದ್ದು ಒಂದು ರೂಢಿ. ಬಂದವರು "ಈ ಹುಡುಗಿ ಯಾರ್ರೀ?" ಎಂದು ಕೇಳಿದರೆ, "ಇಲ್ಲೇ ಕಲೀತಾಳ್ರೀ" ಎಂದು ಮಾತು ಮುಗಿಸುವರು. "ನನ್ನ ಶಿಷ್ಯೆ" ಎಂಬ ಮಾತು ಅವರ ಬಾಯಿಂದ ಸುಲಭಕ್ಕೆ ಹೊರಡುತ್ತಿರಲಿಲ್ಲ. ಅದಕ್ಕಾಗಿ ಕಾದೂ ಕಾದೂ ಕೆಲವರು ಮದುವೆಯಾಗಿ, ಮಕ್ಕಳನ್ನು ಹೆತ್ತು, ಆ ಮಕ್ಕಳನ್ನೂ ಇಲ್ಲಿಗೇ ತಂದು ಬಿಟ್ಟಿದ್ದರು.

ನೀಲಾಂಬಿಕೆಯೂ ಕಾಯುತ್ತಿದ್ದಳು. ಪುಟ್ಟ ಲಂಗ ತೊಟ್ಟು ಬಂದವಳು, ಈಗ ಚಿಕ್ಕವರಿಗೆ ತಾನೇ ಪಾಠ ಹೇಳುವಷ್ಟು ಬೆಳೆದಿದ್ದಳು. ಆಶ್ರಮದ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವುದೂ ಅವಳ ಕೆಲಸವೇ.

ಆ ಕಂಪ್ಯೂಟರಿನಲ್ಲಿ ಅವಳಿಗೊಂದು ಆಟ ಸಿಕ್ಕಿತು. ದುಡ್ಡು ಕೊಡಬೇಕಿಲ್ಲ, ಇಳಿಸಿಕೊಳ್ಳಬೇಕಿಲ್ಲ. ಇಂಟರ್ನೆಟ್ಟಿನಲ್ಲಿ ತೆರೆದರೆ ಸಾಕು, ಹಾಡು ಶುರುವಾಗುತ್ತದೆ. ಹಾಡಿನ ಲಯಕ್ಕೆ ಮೇಲಿನಿಂದ ಬಾಣಗಳು ಇಳಿಯುತ್ತವೆ. ಬಾಣ ಕೆಳಗಿನ ಗೆರೆ ಮುಟ್ಟಿದ ಕ್ಷಣದಲ್ಲೇ ಗುಂಡಿ ಒತ್ತಬೇಕು.

ಒಂದು ಮಧ್ಯಾಹ್ನ ಅವಳು ಅಂಗಳಕ್ಕೆ ಓಡಿ ಬಂದಳು.

"ಅಜ್ಜಾರ, ಒಂಚೂರು ಬರ್ರೀ. ನಿಮಗ ಒಂದು ತೋರಸ್ತೀನಿ."

ಅಜ್ಜಾರು ಬಂದು ಕುರ್ಚಿಯಲ್ಲಿ ಕುಳಿತರು. ಅವಳು ಆಡಿದಳು. ಒಂದು ಬಾಣವೂ ತಪ್ಪಲಿಲ್ಲ. ನೂರಕ್ಕೆ ನೂರು ಬಂತು. ಆಡಿದವರ ಹೆಸರುಗಳಲ್ಲಿ ಅವಳ ಹೆಸರೇ ಎಲ್ಲಕ್ಕಿಂತ ಮೇಲೆ ನಿಂತಿತು.

"ದೇಶ ದೇಶದ ಮಂದಿ ಆಡ್ತಾರ್ರೀ ಇದನ್ನ," ಎಂದಳು. ಹೆಮ್ಮೆಯಿಂದ ಅವಳ ಮುಖ ಕೆಂಪಾಗಿತ್ತು.

"ನಾನೂ ಆಡಿ ನೋಡ್ತೀನಿ, ತುಸು ಆಕಡೆ ಸರಿ," ಎಂದರು ಅಜ್ಜಾರು.

ತಬಲಾದ ಮೇಲೆ ಮಳೆಗರೆಯುವ ಬೆರಳುಗಳು ಗುಂಡಿಯ ಮೇಲೆ ತಡವರಿಸಿದವು. ಬಾಣಗಳು ಒಂದರ ಹಿಂದೊಂದು ಜಾರಿ ಹೋದವು. ಕೊನೆಗೆ ಪರದೆಯೇ ಕಪ್ಪಾಯಿತು. ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಡು ಮುಗಿಯೂದಕ್ಕಿಂತ ಮೊದಲೇ ನನ್ನ ಹೊರಗ ಹಾಕಿತಲ್ಲವಾ."

"ನೀವು ತಡಾ ಮಾಡಿದ್ರೆಲ್ರೀ. ಅದು ಕಾಯೂದಿಲ್ಲ."

"ಯಾರಿಗೂ?"

"ಯಾರಿಗೂ ಕಾಯೂದಿಲ್ರೀ."

ಅಜ್ಜಾರು ಎದ್ದರು. "ನಿನ್ನ ಕೈ ಭಾಳ ನೆಟ್ಟಗೈತಿ. ಈ ಹುಣ್ಣಿಮಿ ಭಜನಿಗೆ ಗುರಸಿದ್ದವ್ವನ ಕೂಡ ನೀನೇ ಬಾರಿಸು."

ಹಿಗ್ಗಿನಿಂದ ನೀಲಾಂಬಿಕೆಯ ಕಾಲು ನೆಲಕ್ಕೆ ತಾಗಲಿಲ್ಲ. ಹುಣ್ಣಿಮೆಯ ಭಜನೆಗೆ ಊರವರೆಲ್ಲ ಬರುತ್ತಾರೆ. ಅಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ತಬಲಾದ ಹುಡುಗಿ ಯಾರೆಂದು. ಅಂದು ಅಜ್ಜಾರು ಆ ಮಾತು ಹೇಳಲೇಬೇಕು.

ಗುರಸಿದ್ದವ್ವ ಆಶ್ರಮದ ಹಿರಿಯ ಹಾಡುಗಾರ್ತಿ. ಪ್ರತಿ ಹುಣ್ಣಿಮೆಗೂ ಅವಳದೊಂದು ಪದ ಇರಲೇಬೇಕು. ಕಂಠ ಇನ್ನೂ ಗಟ್ಟಿಯಾಗಿತ್ತು, ಉಸಿರು ಮಾತ್ರ ಸಾಲುತ್ತಿರಲಿಲ್ಲ.

ಮರುದಿನ ಮುಂಜಾನೆ ಇಬ್ಬರೂ ಅಜ್ಜಾರ ಎದುರು ಅಭ್ಯಾಸಕ್ಕೆ ಕುಳಿತರು. ಎರಡನೆಯ ನುಡಿಯ ಉದ್ದನೆಯ ಸಾಲಿನಲ್ಲಿ ಮುದುಕಿಯ ಉಸಿರು ಹಿಡಿಯಿತು. ನೀಲಾಂಬಿಕೆಯ ಪೆಟ್ಟು ಬೀಳಬೇಕಾದಲ್ಲೇ ಬಿತ್ತು. ಮುದುಕಿ ಹಿಂದೆ ಬಿದ್ದಳು. ಅವಸರದಿಂದ ಹಿಡಿಯಲು ಹೋದಳು, ಮಾತು ನುಂಗಿದಳು, ನಿಂತೇಬಿಟ್ಟಳು. ಮತ್ತೆ ಹಾಡಿದರೂ ಹಾಗೇ ಆಯಿತು.

ಗುರಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗ ಇನ್ನ ಆಗೂದಿಲ್ಲ ತಂಗಿ. ಈ ಹುಣ್ಣಿಮಿಗೆ ಬ್ಯಾರೆಯವರು ಹಾಡ್ಲಿ."

ಅವಳು ಎದ್ದು ಹೋದಳು. ನೀಲಾಂಬಿಕೆ ಅಜ್ಜಾರ ಕಡೆ ತಿರುಗಿದಳು.

"ನಂದೇನ್ ತಪ್ಪೈತ್ರೀ? ಅವ್ವ ತಾಳ ಬಿಟ್ಟಳು."

"ನಿಂದೇನೂ ತಪ್ಪಿಲ್ಲ," ಎಂದರು ಅಜ್ಜಾರು.

ಅಷ್ಟೇ ಹೇಳಿ ಎದ್ದರು. ತಪ್ಪಿಲ್ಲ ಎಂದ ಮೇಲೆ ಹುಡುಗಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಅಂದು ಊಟ ಸೇರಲಿಲ್ಲ.

ಸಂಜೆ ಅಜ್ಜಾರು ಕರೆದರು. "ಗುರಸಿದ್ದವ್ವಗ ಹೊಳಿಗೆ ಹೋಗಬೇಕಂತ. ಕೈ ಹಿಡದು ಇಳಿಸ್ಕೊಂಡು ಬಾ."

ಹೊಳೆಯ ಮೆಟ್ಟಿಲುಗಳು ಸವೆದು ಜಾರುತ್ತಿದ್ದವು. ನೀಲಾಂಬಿಕೆ ಮುದುಕಿಯ ಕೈ ಹಿಡಿದು ಇಳಿಸಿದಳು. ಮೊಣಕಾಲು ನೋವು ಎಂದಾಗ ನಿಂತಳು. ಮುದುಕಿ ಕಾಲು ಎತ್ತಿದಾಗ ತಾನೂ ಎತ್ತಿದಳು. ಅಜ್ಜಾರು ಕೆಳಗೆ ನೀರಿನಲ್ಲಿ ಕಾಲಿಳಿಬಿಟ್ಟು ನೋಡುತ್ತಿದ್ದರು.

"ದಿನಾ ಜಿಗದು ಬರತಿದ್ದಿ. ಇವತ್ತ್ಯಾಕ ಇಷ್ಟು ತಡಾ?"

"ಅವ್ವನ ಕೈ ಹಿಡದಿದ್ನೆಲ್ರೀ."

"ನಿನ್ನ ಕಾಲು ತಪ್ಪಿತೇನು?"

"ಇಲ್ರೀ. ನಾ ನಿಂತಿದ್ದೆ."

"ಹೂಂ," ಎಂದು ಅಜ್ಜಾರು ಮುಖ ತೊಳೆದುಕೊಂಡರು.

ಹುಡುಗಿ ಮುದುಕಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ, ತಾನು ಅಜ್ಜಾರ ಪಕ್ಕ ಕುಳಿತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಜ್ಜಾರ, ಆ ಆಟ ಬಿಡ್ಲೇನ್ರೀ?"

"ಯಾಕ ಬಿಡ್ತಿ? ಪೆಟ್ಟು ಎಲ್ಲಿ ಬೀಳಬೇಕು ಅಂತ ಅದು ನಿನಗ ಕಲಿಸೇತಿ. ಅದು ಗೊತ್ತಿಲ್ಲದಾಕಿ ಏನು ಕಾದಾಳು?"

ನೀಲಾಂಬಿಕೆ ಎದ್ದು ಗುರಸಿದ್ದವ್ವನ ಹತ್ತಿರ ಹೋದಳು.

"ಅವ್ವಾ, ಹುಣ್ಣಿಮಿಗೆ ನೀನೇ ಹಾಡಬೇಕು. ನಾ ಇರತೀನಿ."

ಮುದುಕಿ ಅವಳ ಮುಖ ನೋಡಿದಳು. ಆಗಲಿ ಎಂದು ತಲೆಯಾಡಿಸಿದಳು.

ಹುಣ್ಣಿಮೆ ಬಂತು. ಚಂದ್ರ ಹೊಳೆಯಾಚೆ ಏಳುವ ಹೊತ್ತಿಗೆ ಅಂಗಳ ತುಂಬಿತ್ತು. ಪಟ್ಟಣದಿಂದ ಸಂಗೀತ ಬಲ್ಲ ದೊಡ್ಡವರೊಬ್ಬರು ಬಂದು ಅಜ್ಜಾರ ಪಕ್ಕದಲ್ಲಿ ಕುಳಿತಿದ್ದರು. ಪದ ಶುರುವಾದದ್ದೇ ತೊಡೆಯ ಮೇಲೆ ತಾಳ ಹಾಕತೊಡಗಿದರು.

ಎರಡನೆಯ ನುಡಿ ಬಂತು. ಉದ್ದನೆಯ ಸಾಲು ಬಂತು. ಗುರಸಿದ್ದವ್ವನ ಉಸಿರು ಹಿಡಿಯಿತು.

ನೀಲಾಂಬಿಕೆಯ ಕೈ ಮೇಲೆದ್ದಿತ್ತು. ಪೆಟ್ಟು ಎಲ್ಲಿ ಬೀಳಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಾರ ಪಕ್ಕದಲ್ಲಿ ತಾಳ ಹಾಕುತ್ತಿದ್ದ ಅತಿಥಿಯ ಕೈ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ತಡೆದರೆ ತಪ್ಪು ತನ್ನ ತಲೆಗೇ ಬರುತ್ತದೆ, ಇಷ್ಟು ವರ್ಷ ಕಾದ ಮಾತು ಇವತ್ತಿಗೆ ಮುಗಿಯಿತು ಎಂಬುದೂ ಗೊತ್ತಿತ್ತು.

ಅವಳು ತಡೆದಳು.

ಅತಿಥಿಯ ಕೈ ತೊಡೆಯ ಮೇಲೆ ಒಂಟಿಯಾಗಿ ಬಿತ್ತು. ತಬಲಾ ಸುಮ್ಮನಿತ್ತು. ಗುರಸಿದ್ದವ್ವ ಎದೆ ತುಂಬ ಉಸಿರು ಎಳೆದುಕೊಂಡಳು, ಸಾಲನ್ನು ಎತ್ತಿದಳು. ಆಗ ನೀಲಾಂಬಿಕೆಯ ಕೈ ಇಳಿಯಿತು. ಕಂಠ, ತಬಲಾ ಎರಡೂ ಒಟ್ಟಿಗೆ ಬಂದವು.

ಮುದುಕಿ ಕಣ್ಣು ತೆರೆದು ಹುಡುಗಿಯನ್ನು ನೋಡಿದಳು. ನಂತರ ಎಷ್ಟೋ ವರ್ಷದಿಂದ ಬಿಟ್ಟಿದ್ದ ಕೊನೆಯ ನುಡಿಯನ್ನೂ ಹಾಡಿದಳು. ಅಂಗಳದಲ್ಲಿ ಹಿರಿಯರು ಕೆಲವರು ಕಣ್ಣೊರೆಸಿಕೊಂಡರು.

ಭಜನೆ ಮುಗಿದು ಮಂಗಳಾರತಿಯಾಯಿತು. ನೀಲಾಂಬಿಕೆ ತಲೆ ತಗ್ಗಿಸಿ ತಬಲಾಕ್ಕೆ ಬಟ್ಟೆ ಸುತ್ತುತ್ತಿದ್ದಳು. ಅತಿಥಿಯ ಮಾತು ಅವಳ ಕಿವಿಗೆ ಬಿತ್ತು.

"ಎಲ್ಲಾ ಛಲೋ ಆತ್ರೀ ಗುರುಗಳ. ಆದ್ರ ನಡುವ ಒಂದು ಕಡೆ ತಬಲಾ ತಪ್ಪಿತು. ಯಾರ್ರೀ ಆ ಹುಡುಗಿ?"

ಅವಳ ಕೈ ಅಲ್ಲೇ ನಿಂತಿತು. "ಇಲ್ಲೇ ಕಲೀತಾಳ್ರೀ" ಎಂಬ ಉತ್ತರ ಕೇಳಲು ಮನಸ್ಸು ಗಟ್ಟಿ ಮಾಡಿಕೊಂಡಳು.

ಅಜ್ಜಾರು ಹೆಗಲ ಶಾಲು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ಅಂಗಳದ ಕೊನೆಯವರೆಗೂ ಕೇಳುವಂತೆ ಹೇಳಿದರು.

"ಆ ಒಂದು ಪೆಟ್ಟು ಬೀಳಲಿಲ್ಲ ನೋಡ್ರೀ, ಅದನ್ನ ಬಾರಿಸಿದಾಕಿ ನನ್ನ ಶಿಷ್ಯೆ."