ಪಕ್ಕದ ಬುಟ್ಟಿಯ ಬೀಡಿ

"ಗುರುಗಳೇ, ಕೂಲಿಯವರ ಪರ ಮಾತಾಡಿದ ಮೇಷ್ಟ್ರಿಗೆ ಕೆಲಸ ಹೋಗುವ ಹೊತ್ತು ಬಂತು ಅನ್ನಿ. ಒಂದು ಸುಳ್ಳು ಹೇಳಿ ಉಳಿದುಕೊಂಡರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಬೀಡಿ ಸಾಹುಕಾರನಿದ್ದ. ಹೆಂಗಸರು ಮನೆಯಲ್ಲಿ ಬೀಡಿ ಕಟ್ಟಿ ತಂದರೆ, ಅದರಲ್ಲಿ ಒಂದು ಹಿಡಿ ತೆಗೆದು "ಇದು ಸರಿಯಿಲ್ಲ" ಎಂದು ಪಕ್ಕದ ಬುಟ್ಟಿಗೆ ಹಾಕುತ್ತಿದ್ದ. ಅದಕ್ಕೆ ಕೂಲಿಯಿಲ್ಲ. ಹೆಂಗಸರು ತಮ್ಮ ಕೈಯನ್ನೇ ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಬುಟ್ಟಿಯ ಬೀಡಿ ಮಾತ್ರ ಉಳಿದ ಬೀಡಿಯ ಜೊತೆಗೇ ಪೇಟೆಗೆ ಹೋಗುತ್ತಿತ್ತು.

ಆ ಊರಿನ ಶಾಲೆಯ ಮೇಷ್ಟ್ರು ಸಂಜೆ ಹೊತ್ತು ಈ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ಒಂದು ದಿನ ಬುಟ್ಟಿಯ ವಿಷಯ ಕೇಳಿ, "ಕೆಟ್ಟ ಬೀಡಿಯಾದರೆ ನಿಮ್ಮ ಕಣ್ಣೆದುರೇ ಮುರಿದು ಹಾಕಲಿ. ಹಾಗಂತ ಕೇಳಿ" ಎಂದರು.

ಮರುದಿನ ಹೆಂಗಸರು ಕೇಳಿದರು. ಸಾಹುಕಾರನ ಕೈ ಬುಟ್ಟಿಯ ಮೇಲೆಯೇ ನಿಂತಿತು. ಮುರಿದರೆ ನಷ್ಟ. ಮುರಿಯದಿದ್ದರೆ ಕಳ್ಳತನ ಬಯಲು. ಅವನು ಎರಡೂ ಬೇಡವೆಂದು, ಹೆಂಗಸರಿಗೆ ಇಲ್ಲದ್ದು ಕಲಿಸಿ ಎತ್ತಿಕಟ್ಟುತ್ತಾರೆಂದು ಮೇಷ್ಟ್ರ ಮೇಲೆ ಶಿಕ್ಷಣ ಇಲಾಖೆಗೆ ದೂರು ಬರೆದ.

ವಿಚಾರಣೆಗೆ ಅಧಿಕಾರಿ ಬಂದ. ಶಾಲೆಯ ಜಗಲಿಯ ಮುಂದೆ ಊರು ಸೇರಿತು. ಅಧಿಕಾರಿ ಮೇಷ್ಟ್ರ ಮುಂದೆ ಕಾಗದವಿಟ್ಟು, "ಈ ಹೆಂಗಸರಿಗೆ ನಾನು ಏನೂ ಕಲಿಸಿಲ್ಲ ಎಂದು ಬರೆದು ರುಜು ಹಾಕಿ. ಕೆಲಸ ಉಳಿಯುತ್ತದೆ" ಎಂದ.

ಹೆಂಗಸರಲ್ಲಿ ಹಿರಿಯಳೊಬ್ಬಳು ಕೂಗಿ ಹೇಳಿದಳು: "ಹಾಕಿಬಿಡಿ ಮೇಷ್ಟ್ರೇ, ನಿಮಗೂ ಹೆಂಡತಿ ಮಕ್ಕಳಿದ್ದಾರೆ. ನಮಗೇನೂ ಬೇಜಾರಿಲ್ಲ. ಈ ಸಾಹುಕಾರನಿಗೆ ನಾವೇ ಸಾಕು!"

ಮೇಷ್ಟ್ರು ಕಾಗದ ತೆಗೆದುಕೊಂಡು, "ನಾನೇ ಕಲಿಸಿದೆ" ಎಂದು ಬರೆದು ರುಜು ಹಾಕಿದರು. ಅಂದೇ ಕೆಲಸ ಹೋಯಿತು.

ಮರುದಿನ ಒಬ್ಬಳೂ ಸಾಹುಕಾರನಿಗೆ ಬೀಡಿ ಕೊಡಲಿಲ್ಲ. "ಮೊದಲು ಬುಟ್ಟಿಯದನ್ನು ಮುರಿಯಿರಿ ಸ್ವಾಮಿ" ಎಂದು ಬಾಗಿಲಲ್ಲೇ ಕುಳಿತರು. ಹತ್ತನೆಯ ದಿನ ಸಾಹುಕಾರ ಅವರೆದುರು ಕುಳಿತು ಮುರಿದ. ಆಮೇಲೆ ಅವನ ಕಣ್ಣಿಗೆ ಕೆಟ್ಟ ಬೀಡಿ ಬೀಳುವುದೇ ಕಡಿಮೆಯಾಯಿತು.

ಶಿಷ್ಯ ಎಂದ: "ಮೇಷ್ಟ್ರು ಆ ಸುಳ್ಳು ಬರೆದಿದ್ದರೂ ಹೆಂಗಸರು ಗೆಲ್ಲುತ್ತಿದ್ದರಲ್ಲ. ಮೇಷ್ಟ್ರ ಕೆಲಸವೂ ಉಳಿಯುತ್ತಿತ್ತು."

ಗುರುಗಳು ಹೇಳಿದರು: "ಉಳಿಯುತ್ತಿತ್ತು. ಆದರೆ ಮರುದಿನ ಶಾಲೆಯಲ್ಲಿ ಆ ಹೆಂಗಸರ ಮಕ್ಕಳ ಮುಂದೆ ನಿಂತು ಅವರು ಏನು ಕಲಿಸುತ್ತಿದ್ದರು, ಹೇಳು."