ಆಳುದ್ದದ ತೊಟ್ಟಿಲು

“ಗುರುಗಳೇ, ಒಳ್ಳೆಯ ಕೆಲಸ ಮಾಡಿದವನಿಗೂ ಪಾಪ ಅಂಟುತ್ತದೆಯೇ?” ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ದೂರದ ಅಮೆರಿಕದಲ್ಲಿ ಶೇಕರ್ ಎಂಬ ಪಂಥದವರಿದ್ದರು. ನಮ್ಮ ಹಾಗೆಯೇ ಮದುವೆಯ ಗೋಜಿಗೆ ಹೋಗದವರು. ಕುರ್ಚಿ, ಬುಟ್ಟಿ, ಪೆಟ್ಟಿಗೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅವುಗಳ ಮೇಲೆ ಒಂದು ಹೂವಿನ ಕೆತ್ತನೆಯೂ ಇರುತ್ತಿರಲಿಲ್ಲ. ಮಕ್ಕಳಿಲ್ಲದ ಆ ಜನ ತೊಟ್ಟಿಲನ್ನೂ ಮಾಡುತ್ತಿದ್ದರು, ಅದೂ ಆಳುದ್ದದ್ದು. ಹಾಸಿಗೆ ಹಿಡಿದ ಮುದುಕರನ್ನು ಅದರಲ್ಲಿ ಮಲಗಿಸಿ, ಮೈ ಹುಣ್ಣಾಗದಿರಲೆಂದು ಮೆಲ್ಲಗೆ ತೂಗುತ್ತಿದ್ದರು.

ಕಾಲ ಕಳೆದಂತೆ ಆ ಪಂಥ ಕರಗುತ್ತ ಬಂತು. ಒಂದು ಹಳ್ಳಿಯಲ್ಲಿ ಮುದುಕಿಯರಷ್ಟೇ ಉಳಿದರು. ಆಗ ಪಟ್ಟಣದ ಕಲಾವಿದರು ಸೇರಿ, ಶೇಕರರ ವಸ್ತುಗಳಿಗೆ ಹೊಸ ರೂಪ ಕೊಟ್ಟು ಮಾರೋಣ, ಬಂದ ಹಣದಿಂದ ಹಾಸಿಗೆ ಹಿಡಿದ ವೃದ್ಧರಿಗೆ ನೆರವಾಗೋಣ ಎಂದುಕೊಂಡರು. ಅವರಲ್ಲಿ ಒಬ್ಬಳು ಶಿಲ್ಪಿ. ಮರುಕವುಳ್ಳವಳು. ತನ್ನ ತಾಯಿ ಹಾಸಿಗೆಯಲ್ಲೇ ನವೆದು ಸತ್ತದ್ದನ್ನು ಕಂಡವಳು. ಈ ಕೆಲಸ ಎಂದಾಗ ಹಿಂದುಮುಂದು ನೋಡದೆ ಒಪ್ಪಿದಳು.

ಆ ಹಳ್ಳಿಗೆ ಹೋದವಳು ಒಂದು ಮನೆಯ ಜಗಲಿಯಲ್ಲಿ, ಬಿಸಿಲಿಗೆ ಇಟ್ಟಿದ್ದ ಆಳುದ್ದದ ತೊಟ್ಟಿಲನ್ನು ಕಂಡಳು. ಮನಸೋತಳು. ಯಾವ ಮರ, ಯಾವ ಕಾಲದ್ದು ಎಂದು ಅಲ್ಲಿದ್ದ ಮುದುಕಿಯನ್ನು ಕೆದಕಿ ಕೆದಕಿ ಕೇಳಿದಳು. ಇಂಥದ್ದನ್ನು ಈಗ ಯಾರು ಬಳಸುತ್ತಾರೆ ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡಳು.

“ಇದನ್ನು ಕೊಡ್ತೀರಾ, ಅಮ್ಮಾ? ನನಗಲ್ಲ, ಹಾಸಿಗೆ ಹಿಡಿದವರಿಗಾಗಿ.”

ಮುದುಕಿ ಒಳಗೆ ಹೋಗಿ ಬಂದಳು. “ಅವರಿಗಾಗಿ ಅಂದ್ಮೇಲೆ ಇಲ್ಲ ಅನ್ನೋದು ಹೇಗೆ? ತಗೊಂಡು ಹೋಗಮ್ಮಾ” ಎಂದಳು.

ಶಿಲ್ಪಿ ತೊಟ್ಟಿಲನ್ನು ಉದ್ದಕ್ಕೆ ಸೀಳಿದಳು. ಎರಡು ರೆಕ್ಕೆಗಳಂತೆ ಗೋಡೆಗೆ ತೂಗುಹಾಕಿದಳು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಎಲ್ಲಕ್ಕಿಂತ ಹೆಚ್ಚಿನ ಬೆಲೆಗೆ ಹೋದದ್ದು ಅದೇ. ಅವಳಿಗೆ ಹಿಗ್ಗೋ ಹಿಗ್ಗು. ಆ ಸುದ್ದಿ ಹೇಳಲೆಂದೇ ಮತ್ತೆ ಮುದುಕಿಯ ಮನೆಗೆ ಹೋದಳು.

ಈ ಸಲ ಅವಳು ಒಳಗೆ ಕಾಲಿಟ್ಟಳು. ನೆಲದ ಮೇಲೆ ಮಡಿಸಿ ಹಾಸಿದ ಕಂಬಳಿಯಲ್ಲಿ ಇನ್ನೊಬ್ಬ ಮುದುಕಿ ಮಗ್ಗುಲಾಗಿ ಮಲಗಿದ್ದಳು. ಬೆನ್ನೆಲ್ಲ ಹುಣ್ಣು.

“ನಮ್ಮಕ್ಕ” ಎಂದಳು ಮನೆಯ ಮುದುಕಿ. “ಕೇಳೋಕೆ ಬಂದಿದ್ದಾರೆ ಅಂದ್ರೆ ಆ ಹಾಸಿಗೆ ಹಿಡಿದವರು ನನಗಿಂತ ಹೆಚ್ಚು ನರಳ್ತಿರಬೇಕು, ಕೊಟ್ಟುಬಿಡು ಅಂದಳು. ದಿನಾ ಕೇಳ್ತಾಳೆ. ಈಗ ಅದರಲ್ಲಿ ಯಾರು ಮಲಗಿದ್ದಾರಮ್ಮಾ?”



ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಬೆಚ್ಚಿಬಿದ್ದಿದ್ದ.

“ಅಯ್ಯೋ! ಹಾಗಾದರೆ ಆ ಶಿಲ್ಪಿಗೆ ಪಾಪ ಅಂಟಿತೇ, ಗುರುಗಳೇ? ಆಮೇಲೆ ಅವಳು ಏನಾದಳು?”

ಗುರುಗಳೆಂದರು: “ನೆಲದ ಮೇಲೆ ಮಲಗಿದ್ದವಳು ಏನಾದಳೆಂದು ನೀನೂ ಕೇಳಲಿಲ್ಲ.”